ಬೀದಿಗಾಗುವಷ್ಟು ಸದ್ದು

ಗಿಟಾರಿಗೆ ಒಂದು ಆಂಪ್ಲಿಫೈಯರ್ ಬೇಕೆಂದು ನನ್ನ ಹೆಂಡತಿ ವಾರಿಜಾ ಹೇಳಿದಾಗ ನಾನು ಮೊದಲು ಕೇಳಿದ್ದು ಅದು ಎಷ್ಟು ಗಟ್ಟಿಯಾಗಿ ಕೂಗುತ್ತದೆ ಎಂದು. ಬೇರೆ ಊರಿನ ಗಂಡನಾಗಿದ್ದರೆ ಬೆಲೆ ಕೇಳುತ್ತಿದ್ದ, ಇಲ್ಲವೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎನ್ನುತ್ತಿದ್ದ. ನಮ್ಮ ಊರಿನಲ್ಲಿ ಅವೆಲ್ಲ ಆಮೇಲಿನ ಪ್ರಶ್ನೆಗಳು. ಇಲ್ಲಿ ಒಂದು ಬೀದಿಗೆ ಇಂತಿಷ್ಟೇ ಸದ್ದು. ಒಂದು ಮನೆಯವರು ಹೆಚ್ಚು ಬಳಸಿದರೆ ಪಕ್ಕದ ಮನೆಯಲ್ಲಿ ಬತ್ತುತ್ತದೆ, ಇನ್ನೂ ಹೆಚ್ಚು ಬಳಸಿದರೆ ಅದರಾಚೆಯ ಮನೆಯಲ್ಲೂ. ಮದುವೆಯ ವಾಲಗ ಹಾದುಹೋಗುವಾಗ ಬೀದಿಯುದ್ದಕ್ಕೂ ಕುಕ್ಕರುಗಳು ಬರಿಯ ಆವಿ ಬಿಡುತ್ತವೆ. ತೊಟ್ಟಿಲಲ್ಲಿ ಕೂಸುಗಳು ಮುಖ ಕೆಂಪಗೆ ಮಾಡಿಕೊಂಡು ಬಾಯಿ ತೆರೆಯುತ್ತವೆ, ಏನೂ ಕೇಳಿಸುವುದಿಲ್ಲ. ತಾಯಂದಿರು ಕೈಕೆಲಸ ಬಿಟ್ಟು ತೊಟ್ಟಿಲ ಪಕ್ಕದಲ್ಲಿ ಕೂರುತ್ತಾರೆ. ವಾಲಗ ಬೀದಿ ದಾಟಿದ ಮೇಲೆ ಎಲ್ಲರ ಮಾತೂ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಇದರಲ್ಲಿ ನಮಗೇನೂ ವಿಶೇಷ ಕಾಣುವುದಿಲ್ಲ. ಮಿಕ್ಸಿ ಹಾಕುವ ಮುಂಚೆ ಪಕ್ಕದ ಮನೆಯ ಕಿಟಕಿಗೆ ತಲೆಹಾಕಿ "ಚಟ್ನಿಗೆ ಸ್ವಲ್ಪ ಸದ್ದು ತಗೋತೀನಿ ಕಣ್ರೀ" ಎನ್ನುವುದು ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟೇ ಸಹಜ. ಮನೆಬಾಗಿಲುಗಳಿಗೆ ಗಂಟೆಯ ಜೊತೆಗೆ ಒಂದು ಕೆಂಪು ಬಲ್ಬನ್ನೂ ಹಾಕಿಸಿಕೊಳ್ಳುತ್ತೇವೆ. ಹಿಟ್ಟಿನ ಗಿರಣಿ ಊರ ಹೊರಗಿದೆ. ಹೆಣ್ಣು ನೋಡಲು ಬರುವವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುತ್ತಾರೆ, ಬರುವುದಿಲ್ಲ ಎಂದರೆ ಸಮಾಧಾನದಿಂದ ಉಪ್ಪಿಟ್ಟಿಗೆ ಕೈಹಾಕುತ್ತಾರೆ.

ವಾರಿಜಾಗೆ ಸಂಗೀತ ಬರುತ್ತಿತ್ತು. ಅವಳು ಬೇರೆ ಊರಿನವಳು. ಮದುವೆಗೆ ಮುಂಚೆ ಅವಳ ಸೋದರಮಾವನ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳು. ಸಿನಿಮಾ ಹಾಡುಗಳ ನಡುವೆ ಗಾಯಕಿ ಸೀರೆ ಬದಲಾಯಿಸಲು ಒಳಗೆ ಹೋದಾಗ ವೇದಿಕೆ ಖಾಲಿ ಕಾಣಬಾರದೆಂದು ಏನಾದರೂ ನುಡಿಸುತ್ತಿರು ಎಂದು ಮಾವ ಹೇಳಿದ್ದರಂತೆ. ಹಾಗೆ ನುಡಿಸುತ್ತ ನುಡಿಸುತ್ತ ಅವಳು ತನ್ನದೇ ಒಂದು ಮಟ್ಟನ್ನು ಕಟ್ಟಿಕೊಂಡಿದ್ದಳು. ಅದಕ್ಕೆ ಹೆಸರಿರಲಿಲ್ಲ. ಅದನ್ನು ಪೂರ್ತಿ ಕೇಳಿದವರೂ ಇರಲಿಲ್ಲ, ಅದು ಶುರುವಾದ ಕೂಡಲೇ ಜನ ಎದ್ದು ಬೋಂಡ ತಿನ್ನಲು ಹೋಗುತ್ತಿದ್ದರು. ಒಮ್ಮೆ ಆ ಜನರಲ್ಲಿ ನಾನೂ ಇದ್ದೆ. ಬೋಂಡ ಚೆನ್ನಾಗಿತ್ತು ಎಂಬುದಷ್ಟೇ ನೆನಪು.

ನಮ್ಮ ಊರಿಗೆ ಬಂದ ಮೇಲೆ ಅವಳು ಗಿಟಾರಿನ ಮಾತೇ ಎತ್ತಿರಲಿಲ್ಲ. ಆದರೆ ಹೋದ ವರ್ಷ ಅವಳ ಬೆರಳಿನ ಗೆಣ್ಣುಗಳು ಬಾತುಕೊಳ್ಳತೊಡಗಿದವು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಹೋಗುವ ಕಾಯಿಲೆಯಲ್ಲ, ನಿಧಾನವಾಗಿ ಬೆರಳು ಬಿಗಿಯುತ್ತ ಹೋಗುತ್ತದೆ ಎಂದರು. ಮನೆಗೆ ಬಂದವಳು ತಮ್ಮನಿಗೆ ಫೋನ್ ಮಾಡಿ ಅಟ್ಟದ ಮೇಲಿದ್ದ ಗಿಟಾರನ್ನು ಬಸ್ಸಿಗೆ ಹಾಕು ಎಂದಳು. ಅದು ಬಂತು. ತಂತಿ ಬದಲಾಯಿಸಿ ನುಡಿಸಿದಳು. ಆಂಪ್ಲಿಫೈಯರ್ ಇಲ್ಲದ ಎಲೆಕ್ಟ್ರಿಕ್ ಗಿಟಾರಿನ ದನಿ ಲೋಟದೊಳಗೆ ಸಿಕ್ಕಿಬಿದ್ದ ನೊಣದ ದನಿ.

"ಆ ಒಂದು ಮಟ್ಟನ್ನ ಸರಿಯಾಗಿ ರೆಕಾರ್ಡ್ ಮಾಡಿಬಿಡ್ಬೇಕು ಕಣ್ರೀ, ಬೆರಳು ಬಿಗಿಯೋ ಅಷ್ಟರಲ್ಲಿ" ಎಂದಳು. "ದೊಡ್ಡದೇನೂ ಬೇಡ. ಮನೆಮಟ್ಟಿಗೆ ಒಂದು ಸಣ್ಣದು."

ವಾದ್ಯಗಳ ಅಂಗಡಿ ಪೇಟೆಬೀದಿಯಲ್ಲಿದೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಈರುಳ್ಳಿ ಮಾರುವವರು, ಬಟ್ಟೆ ಹರಾಜು ಹಾಕುವವರು ಸದ್ದನ್ನೆಲ್ಲ ಗುತ್ತಿಗೆ ಹಿಡಿದವರಂತೆ ಬಳಸುತ್ತಾರೆ. ಅಂಗಡಿಯ ಚಂದ್ರಹಾಸನ ಪಾಲಿಗೆ ಉಳಿಯುವುದು ಸೊನ್ನೆ. ಅವನು ಒಂದೊಂದೇ ಆಂಪ್ಲಿಫೈಯರಿಗೆ ಗಿಟಾರ್ ಸಿಕ್ಕಿಸಿ, ತಂತಿ ಮೀಟಿ, ಮುಂದಿನ ಜಾಲರಿಯತ್ತ ಬೆರಳು ತೋರಿಸಿದ. ಅಂಗೈ ಇಟ್ಟು ನೋಡಬೇಕು, ಅದೇ ಪರೀಕ್ಷೆ. ಕೆಲವು ಆಂಪುಗಳು ಅಂಗೈಯಲ್ಲಿ ಗುಬ್ಬಚ್ಚಿಯಂತೆ ಅದುರಿದವು, ಕೆಲವು ಬಸ್ಸಿನ ಎಂಜಿನ್ನಿನಂತೆ. ವಾರಿಜಾ ಕಣ್ಣುಮುಚ್ಚಿ ಒಂದೊಂದನ್ನೂ ಮುಟ್ಟಿದಳು, ಕಲ್ಲಂಗಡಿ ಕೊಳ್ಳುವವರ ಹಾಗೆ.

ಮಾತಾಡಬೇಕೆಂದರೆ ಅಂಗಡಿಯ ಹಿಂದಿನ ಗಲ್ಲಿಗೆ ಹೋಗಬೇಕು. ಅಲ್ಲಿ ನಿಂತು ವಾರಿಜಾ ಐದು ವ್ಯಾಟಿನದು ಸಾಕು ಎಂದಳು.

"ಐದು ತಗೊಂಡು ಏನ್ಮಾಡ್ತೀರಮ್ಮ?" ಎಂದ ಚಂದ್ರಹಾಸ. "ಪಕ್ಕದ ಮನೆಯವರ ಕೆಮ್ಮೂ ನಿಲ್ಲಲ್ಲ ಅದರಿಂದ. ಹದಿನೈದು ತಗೊಳ್ಳಿ. ಸ್ಪೀಕರೂ ಎಂಟಿಂಚಿಂದು, ತುಂಬು ದನಿ ಬರುತ್ತೆ."

"ಪಕ್ಕದ ಮನೆಯವರು ಕೆಮ್ಮಲಿ. ನನಗೆ ಗಿಟಾರ್ ಕೇಳಿಸಿದ್ರೆ ಸಾಕು."

"ಎಲ್ಲರೂ ಮೊದಮೊದಲು ಹಾಗೇ ಅಂತಾರೆ. ಮನೆಗೆ ಒಯ್ದು ನೋಡಿ. ಬೇಡ ಅನ್ನಿಸಿದ್ರೆ ವಾಪಸ್ ತನ್ನಿ."

ಕೇಳಿಸಿಕೊಳ್ಳದೆ ಕೊಂಡದ್ದನ್ನು ವಾಪಸು ಕೊಡುವ ಅವಕಾಶವಿದ್ದರೆ ದೊಡ್ಡದನ್ನೇ ಒಯ್ಯೋಣ ಎಂದು ನಾನೂ ದನಿಗೂಡಿಸಿದೆ. ನಮ್ಮಂಥವರಿಂದಲೇ ಅಂಗಡಿಗಳು ನಡೆಯುತ್ತವೆ.

ಸಂಜೆ ಆರರ ಹೊತ್ತಿಗೆ ಅವಳು ನಡುಮನೆಯಲ್ಲಿ ಮಣೆಯ ಮೇಲೆ ಆಂಪನ್ನಿಟ್ಟು, ವಾಲ್ಯೂಮನ್ನು ಅರ್ಧಕ್ಕೆ ತಿರುಗಿಸಿ ನುಡಿಸಿದಳು. ನಾನು ಬೆಚ್ಚಿಬಿದ್ದೆ. ಇಷ್ಟು ವರ್ಷ ಜೊತೆಯಲ್ಲಿದ್ದ ಹೆಂಗಸು ಹೀಗೂ ದನಿ ಎತ್ತಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಗಿಟಾರಿನ ದನಿ ಗೋಡೆಗಳಿಗೆ ಒರಗಿಕೊಂಡು ನಿಂತಂತಿತ್ತು. ಎರಡು ನಿಮಿಷವಾಗುವಷ್ಟರಲ್ಲಿ ನನ್ನ ಎದೆ ಡವಡವ ಎಂದಿತು, ಸಂಗೀತಕ್ಕಲ್ಲ, ಪಕ್ಕದ ಮನೆಯ ಭುಜಂಗರಾಯರ ನೆನಪಾಗಿ.

ಭುಜಂಗರಾಯರು ನಿವೃತ್ತ ವಕೀಲರು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಕೋರ್ಟು ಬಿಟ್ಟ ಮೇಲೆ ಅವರ ವಾದವನ್ನೆಲ್ಲ ಕೇಳುವ ಭಾಗ್ಯ ಅವರ ಹೆಂಡತಿ ತುಂಗಮ್ಮನದಾಗಿತ್ತು. ಸಾರಿನ ರುಚಿ, ಚಾಪೆ ಸುತ್ತುವ ರೀತಿ, ತುಂಗಮ್ಮನ ತವರಿನವರ ನಡತೆ, ಗೆದ್ದ ಮೊಕದ್ದಮೆಗಳು, ಸೋಲಿಸಲ್ಪಟ್ಟ ಮೊಕದ್ದಮೆಗಳು, ಎಲ್ಲವೂ ದಿನವಿಡೀ ವಿಚಾರಣೆಗೆ ಬರುತ್ತಿದ್ದವು. ಸಂಜೆ ಆರು ಗಂಟೆ ಅವರಿಗೆ ವಿಶೇಷ ಹುಮ್ಮಸ್ಸಿನ ಹೊತ್ತು. ನಾವೆಲ್ಲ ಆಗ ನಮ್ಮ ಸದ್ದು ತಗ್ಗಿಸಿ ಅವರಿಗೆ ಬಿಟ್ಟುಕೊಡುವುದು ರೂಢಿಯಾಗಿತ್ತು. ತುಂಗಮ್ಮ ಒಂದು ಮಾತು ತಿರುಗಿ ಆಡಿದ್ದನ್ನು ಯಾರೂ ಕೇಳಿರಲಿಲ್ಲ.

ಬಾಗಿಲ ಬಲ್ಬು ಉರಿಯಿತು. ಕ್ಷಮೆ ಕೇಳುವ ಮುಖ ಮಾಡಿಕೊಂಡು ಬಾಗಿಲು ತೆರೆದೆ. ತುಂಗಮ್ಮ ನಿಂತಿದ್ದರು, ಕೈಯಲ್ಲಿ ಮುಚ್ಚಿದ ಬಟ್ಟಲು. ವಾರಿಜಾ ನುಡಿಸುವುದನ್ನು ನಿಲ್ಲಿಸಿದ್ದೇ ತಡ, ಗೋಡೆಯಾಚೆ ಭುಜಂಗರಾಯರ ದನಿ ವಾಕ್ಯದ ನಡುವಿನಿಂದ ಎದ್ದು ಬಂತು: "...ಅದನ್ನ ನಿಮ್ಮಪ್ಪ ಅವತ್ತೇ ಹೇಳ್ಬೇಕಿತ್ತು!"

ತುಂಗಮ್ಮ ಬಟ್ಟಲನ್ನು ವಾರಿಜಾಳ ಕೈಗಿತ್ತರು. ಕಡಲೆಬೇಳೆ ಪಾಯಸ, ಇನ್ನೂ ಬಿಸಿಯಾಗಿತ್ತು.

"ನಿಲ್ಲಿಸ್ಬೇಡ ತಾಯಿ" ಎಂದರು. "ಅವರು ಬಾಯಿ ಅಲ್ಲಾಡಿಸ್ತಾನೇ ಇದ್ರು, ಏನೂ ಬರ್ಲಿಲ್ಲ. ಮೀನಿನ ತೊಟ್ಟಿ ನೋಡಿದ ಹಾಗಿತ್ತು ನೋಡು. ದಿನಾ ಆರರಿಂದ ಏಳು ನುಡಿಸ್ತೀಯಾ?"

"ಮಟ್ಟು ಹೇಗಿತ್ತಮ್ಮ?" ಎಂದು ಕೇಳಿದಳು ವಾರಿಜಾ.

"ಯಾವ ಮಟ್ಟು?" ಎಂದರು ತುಂಗಮ್ಮ.

ಹದಿನೈದು ವ್ಯಾಟು ಎಷ್ಟು ದೂರ ಮುಟ್ಟುತ್ತದೆ ಎಂಬುದು ಆ ವಾರದಲ್ಲಿ ಗೊತ್ತಾಯಿತು. ವಾಲ್ಯೂಮ್ ಅರ್ಧಕ್ಕಿದ್ದರೆ ಎರಡೂ ಪಕ್ಕದ ಮನೆಗಳು, ಮುಕ್ಕಾಲಿಗಿದ್ದರೆ ಎದುರು ಸಾಲೂ ಸೇರಿ ರೇವಣ್ಣನ ಮನೆಯವರೆಗೆ. ಈ ರೇವಣ್ಣ ನಮ್ಮ ಬೀದಿಯ ಸಂಘದ ಅಧ್ಯಕ್ಷ. ಅವನು ಶಾಲು ಹೊದ್ದುಕೊಂಡು ಬಂದಾಗ ನೋಟಿಸು ಬಂತೆಂದೇ ನಾನು ತಿಳಿದೆ. ಅವನು ಕುರ್ಚಿಯ ತುದಿಯಲ್ಲಿ ಕೂತು, ಭಾನುವಾರ ಬೆಳಿಗ್ಗೆ ತನ್ನ ಅಣ್ಣ ಆಸ್ತಿ ಪಾಲಿನ ಮಾತಾಡಲು ಬರುತ್ತಿದ್ದಾನೆಂದೂ, ವಾರಿಜಕ್ಕ ಆ ಹೊತ್ತಿಗೆ ಸ್ವಲ್ಪ ಜೋರಾಗಿ ಅಭ್ಯಾಸ ಮಾಡಿದರೆ ಉಪಕಾರವಾಗುತ್ತದೆಂದೂ ಹೇಳಿದ. ಅದಾದ ಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಅತ್ತೆಯ ಭಜನೆಯ ಹೊತ್ತಿಗೆ ಒಬ್ಬಳು. ಮಗಳು ಫೋನಿನಲ್ಲಿ ಯಾರೊಂದಿಗೋ ಮಾತಾಡುವ ಹೊತ್ತಿಗೆ ಒಬ್ಬ. ಬರುವವರ ಕೈಯಲ್ಲಿ ತಿಂಡಿ ಇದ್ದೇ ಇರುತ್ತಿತ್ತು. ನಮ್ಮ ಮನೆಯಲ್ಲಿ ಒಲೆ ಹಚ್ಚುವ ಅಗತ್ಯವೇ ಕಡಿಮೆಯಾಯಿತು. ನಾನು, ನಿಜ ಹೇಳುವುದಾದರೆ, ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಂಡವಳು ವಾರಿಜಾ. "ಯಾರಾದ್ರೂ ಒಬ್ಬರು, ಒಂದೇ ಒಬ್ಬರು, ಏನು ನುಡಿಸ್ತಿದೀಯಾ ಅಂತ ಕೇಳಿದ್ರಾ?" ಎಂದಳು ಒಂದು ದಿನ, ಯಾರದೋ ಮನೆಯ ಕೋಡುಬಳೆ ಮುರಿಯುತ್ತ. "ಮುಕ್ಕಾಲಿಗೆ ಇಟ್ರೆ ಈ ಆಂಪು ಗೊರಗೊರ ಅನ್ನುತ್ತೆ. ಮೈಕು ಇಟ್ರೆ ಬರೀ ಗೊರಗೊರಾನೇ ರೆಕಾರ್ಡ್ ಆಗುತ್ತೆ. ಕಮ್ಮಿ ಮಾಡಿದ್ರೆ ಬಾಗಿಲ ಬಲ್ಬು ಉರಿಯುತ್ತೆ, ಜೋರು ಮಾಡಿ ಅಂತ. ನಾನೇನು ಗಿಟಾರ್ ನುಡಿಸ್ತಿದೀನೋ ಬಾಯಿಗೆ ಬಟ್ಟೆ ತುರುಕ್ತಿದೀನೋ?"

ಭುಜಂಗರಾಯರು ಬಂದದ್ದು ಆ ಮಧ್ಯಾಹ್ನವೇ. ಮಧ್ಯಾಹ್ನ ಅವರಿಗೆ ಪೂರ್ತಿ ದನಿ ಇರುತ್ತಿತ್ತು. ಬಾಗಿಲಲ್ಲೇ ನಿಂತು ಹಳೆಯ ತೀರ್ಪುಗಳನ್ನೆಲ್ಲ ಉದಾಹರಿಸಿ, ಕೊನೆಗೆ ಇದ್ದಕ್ಕಿದ್ದಂತೆ ತಗ್ಗಿ, "ನೋಡಮ್ಮ, ದಿನದಲ್ಲಿ ಆ ಒಂದು ಗಂಟೆ ನನ್ನ ಮಾತು ನನಗೇ ಕೇಳಿಸಲ್ಲ. ನಾನು ಇದ್ದೀನೋ ಇಲ್ವೋ ಅನ್ನಿಸಿಬಿಡುತ್ತೆ" ಎಂದರು. ಅವರ ಕಣ್ಣು ಗಿಟಾರಿನ ಮೇಲಿತ್ತು, ಗಿಟಾರಿಗೇ ಮನವಿ ಮಾಡಿಕೊಳ್ಳುತ್ತಿದ್ದಂತೆ. ವಾರಿಜಾ ಅವರನ್ನು ಕೂರಿಸಿ ಕಾಫಿ ಕೊಟ್ಟಳು. ಶನಿವಾರ ಇದನ್ನು ಅಂಗಡಿಗೆ ವಾಪಸು ಮಾಡಿ ಚಿಕ್ಕದು ತರುತ್ತೇನೆ ಎಂದಳು.

ಈ ಸುದ್ದಿ ಬೀದಿಗೆ ಹೇಗೆ ಹರಡಿತೋ ಗೊತ್ತಿಲ್ಲ. ಶುಕ್ರವಾರ ಆರು ಗಂಟೆಗೆ ತುಂಗಮ್ಮ ನಮ್ಮ ಕಿಟಕಿಯ ಬಳಿ ಬಂದು, "ಇವತ್ತೊಂದು ದಿನ. ಕೊನೇದು. ಪೂರ್ತಿ ಇಡು" ಎಂದು ಕೇಳಿದರು. ವಾರಿಜಾ ಇಲ್ಲವೆನ್ನಲಾರದೆ ಗುಂಡಿಯನ್ನು ಮುಕ್ಕಾಲು ದಾಟಿಸಿದಳು. ಬೀದಿಯೆಲ್ಲ ನಿಶ್ಶಬ್ದವಾಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ: ತುಂಗಮ್ಮ ತಮ್ಮ ಮನೆಯ ಜಗಲಿಯಲ್ಲಿ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಕಾಲು ಚಾಚಿ ಕೂತಿದ್ದರು. ಅಷ್ಟು ಹಗುರವಾಗಿ ಅವರು ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅದೇ ಹೊತ್ತಿನಲ್ಲಿ ಭುಜಂಗರಾಯರು ಬಚ್ಚಲಲ್ಲಿ ಜಾರಿಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಅವರು ಕೂಗಿದರು. ಹೆಂಡತಿಯ ಹೆಸರು ಹಿಡಿದು ಕೂಗಿದರು, ನನ್ನ ಹೆಸರು ಹಿಡಿದು ಕೂಗಿದರು, ಚೊಂಬಿನಿಂದ ನೆಲಕ್ಕೆ ಬಡಿದರು. ಚೊಂಬು ನೆಗ್ಗಿತು, ಸದ್ದಾಗಲಿಲ್ಲ. ಏಳು ಗಂಟೆಗೆ ವಾರಿಜಾ ಆಂಪ್ ಆರಿಸಿದಾಗ ಮೊಟ್ಟಮೊದಲು ಕೇಳಿದ್ದು ಗೋಡೆಯಾಚೆಯ ಆ ನರಳಿಕೆ. ಅವರು ಆಗ ಕೂಗುತ್ತಿರಲಿಲ್ಲ. ಬಿಟ್ಟುಬಿಟ್ಟಿದ್ದರು.

ನಾನೂ ರೇವಣ್ಣನೂ ಅವರನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಗಾಡಿಗೆ ಹಾಕಿದೆವು. ಆಸ್ಪತ್ರೆ ಬೇರೆ ಬೀದಿಯಲ್ಲಿರುವುದರಿಂದ ಅಲ್ಲಿ ಅವರ ದನಿಗೆ ಕೊರತೆಯಾಗಲಿಲ್ಲ. ಇಡೀ ವಾರ್ಡು ಅವರ ಹೇಳಿಕೆಯನ್ನು ಕೇಳಿತು. ಮರುದಿನ ನಮ್ಮ ಬೀದಿಯಲ್ಲಿ ಒಂದು ಅದ್ಭುತ ನಡೆಯಿತು. ವಾರಿಜಾಳಿಗೆ ನುಡಿಸು ಎಂದು ಹೇಳಿದವರು ಯಾರೂ ಇರಲೇ ಇಲ್ಲ. ಅತ್ತೆಯ ಭಜನೆ ಎಲ್ಲರಿಗೂ ಪ್ರಿಯವಾಗಿತ್ತು. ರೇವಣ್ಣ ಅಣ್ಣನೊಂದಿಗೆ ಮಾತಾಡಲು ಸದಾ ಉತ್ಸುಕನಾಗಿದ್ದ. ಅವನು ಮತ್ತೆ ಶಾಲು ಹೊದ್ದುಕೊಂಡು ಬಂದು, "ಮನೇಲಿ ನುಡಿಸೋರು ಸ್ವಲ್ಪ ಜವಾಬ್ದಾರಿ ಇಟ್ಕೋಬೇಕು ಅಕ್ಕ" ಎಂದು ಬುದ್ಧಿ ಹೇಳಿದ. ವಾರಿಜಾ ಅವನ ಮನೆಯ ಖಾಲಿ ಡಬ್ಬಿಯನ್ನು ತೊಳೆದು ಕೈಗೆ ಕೊಟ್ಟಳು.

ಹದಿನೈದು ವ್ಯಾಟಿನದು ಅಂಗಡಿಗೆ ಮರಳಿತು. ಅದರ ಬದಲು ಅವಳು ತಂದದ್ದು ಅಂಗೈಯಗಲದ ಒಂದು ಪೆಟ್ಟಿಗೆ. ಅದರಲ್ಲಿ ಹೆಡ್‌ಫೋನ್ ಸಿಕ್ಕಿಸಿ ನುಡಿಸಬಹುದು, ಕಂಪ್ಯೂಟರಿಗೆ ನೇರ ಸಿಕ್ಕಿಸಿ ರೆಕಾರ್ಡೂ ಮಾಡಬಹುದು, ಹೊರಗೆ ತೊಟ್ಟು ಸದ್ದಿಲ್ಲ. ನಮ್ಮ ಊರಿಗೆ ಹೇಳಿ ಮಾಡಿಸಿದಂಥ ವಸ್ತು ಎಂದು ನನಗನ್ನಿಸಿತು. ಅವಳು ಮೂಲೆಯಲ್ಲಿ ಕೂತು ಕಿವಿ ಮುಚ್ಚಿಕೊಂಡು ನುಡಿಸುವಾಗ ನನಗೆ ಕೇಳುತ್ತಿದ್ದುದು ಆ ಲೋಟದೊಳಗಿನ ನೊಣವಷ್ಟೇ. ಐದಾರು ದಿನ ನುಡಿಸಿದಳು. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು ಬೆರಳುಗಳನ್ನು ಬಿಸಿನೀರಿನಲ್ಲಿ ಇಳಿಬಿಟ್ಟುಕೊಂಡು ಕೂತಳು.

"ದನಿ ಚೆನ್ನಾಗಿಲ್ವಾ?" ಎಂದೆ.

"ಚೆನ್ನಾಗಿದೆ. ತಲೆಯೊಳಗೆ ಮಾತ್ರ ಇದೆ. ತಂತಿ ಮೀಟಿದ್ರೆ ಎದುರಿಂದ ಏನೋ ಒಂದು ಬಂದು ಎದೆಗೆ ತಾಗ್ಬೇಕು, ಅದಿಲ್ಲ." ಕೈಯನ್ನು ನೀರಿನಿಂದ ಎತ್ತಿ ಹೇಳಿದಳು: "ಅವರು ಬಚ್ಚಲಲ್ಲಿ ಕೂಗ್ತಿದ್ದಾಗ ನಾನು ಚೆನ್ನಾಗಿ ನುಡಿಸ್ತಿದ್ದೆ ರೀ. ಅಷ್ಟು ಚೆನ್ನಾಗಿ ಯಾವತ್ತೂ ನುಡಿಸಿರಲಿಲ್ಲ. ಅದೇ ಹೊಟ್ಟೆಯಲ್ಲಿ ಕೂತುಬಿಟ್ಟಿದೆ."

ಭುಜಂಗರಾಯರು ಮನೆಗೆ ಬಂದರು. ಮೂಳೆ ಕೂಡುವವರೆಗೆ ಮಂಚ ಬಿಟ್ಟು ಏಳುವಂತಿರಲಿಲ್ಲ. ನಾವು ಗೋಡೆಯಾಚೆಯ ಹಳೆಯ ದನಿಗೆ ಕಿವಿಕೊಟ್ಟು ಕಾದೆವು. ಬಂದದ್ದು ಬೇರೆ ದನಿ. ಮೊದಲು ಅದು ಯಾರದೆಂದೇ ನನಗೆ ಗುರುತು ಹತ್ತಲಿಲ್ಲ. ತುಂಗಮ್ಮ ಮಾತಾಡುತ್ತಿದ್ದರು. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಗಂಡನಿಗೆ ಗಂಜಿ ಕುಡಿಸುತ್ತ, ಬೆನ್ನು ಒರೆಸುತ್ತ, ಸೊಪ್ಪು ಬಿಡಿಸುತ್ತ ಮಾತಾಡುತ್ತಿದ್ದರು. ಮದುವೆಯ ದಿನ ತನ್ನ ತಂಗಿಗೆ ಬಡಿಸುವುದನ್ನು ಮರೆತದ್ದರಿಂದ ಶುರುವಾಗಿತ್ತು. ವರ್ಷ ವರ್ಷವಾಗಿ, ಹಬ್ಬ ಹಬ್ಬವಾಗಿ ಅದು ಮುಂದುವರಿಯಿತು. ಕೂಗಾಟವಿಲ್ಲ, ಅಳುವಿಲ್ಲ. ಒಂದೇ ಸಮನೆ ಬರುವ ನಲ್ಲಿ ನೀರಿನ ಹಾಗೆ. ಅವರ ಪಾಲಿನ ಸದ್ದು ಇಷ್ಟು ವರ್ಷ ಎಲ್ಲೋ ಒಂದು ಕಡೆ ಸೇರುತ್ತ ಬಂದಿತ್ತೋ ಏನೋ, ಭುಜಂಗರಾಯರು ನಡುವೆ ಬಾಯಿಹಾಕಿದರೆ ಅವರ ದನಿ ಹೊರಡುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಅವರನ್ನು ನೋಡಲು ಹೋದೆ. ತುಂಗಮ್ಮ ಕಾಫಿ ತರಲು ಒಳಗೆ ಹೋದ ಕೂಡಲೇ ಅವರು ನನ್ನ ಮುಂಗೈ ಹಿಡಿದುಕೊಂಡರು.

"ಆ ಡಬ್ಬ ಇನ್ನೂ ಇದೆಯೇನಯ್ಯ?"

"ವಾಪಸ್ ಕೊಟ್ವಿ ರಾಯರೇ. ನಿಮಗೆ ತೊಂದ್ರೆ ಆಯ್ತಲ್ಲ."

"ತೊಂದ್ರೆ ಗಿಂದ್ರೆ ಏನಿಲ್ಲ. ಮತ್ತೆ ತಗೊಂಡ್ಬಾ. ಆರರಿಂದ ಏಳು ಬೇಡ, ಬೆಳಿಗ್ಗೆಯಿಂದಲೇ ನುಡಿಸ್ಲಿ. ನಾನು ಎದ್ದು ಹೋಗೋ ಹಾಗೂ ಇಲ್ಲ, ಕಿವಿ ಮುಚ್ಕೊಳ್ಳೋ ಹಾಗೂ ಇಲ್ಲ. ಅವಳು ಈಗ ಇನ್ನೂ ನನ್ನ ತಮ್ಮನ ಮಗಳ ನಾಮಕರಣದಲ್ಲಿದ್ದಾಳೆ. ಮುಂದೆ ಇನ್ನೂ ಎಷ್ಟಿದೆ ಅಂತ ನನಗೆ ಗೊತ್ತು!"

ನಾನು ಮನೆಗೆ ಬಂದು ವಾರಿಜಾಳಿಗೆ ಇದನ್ನು ಹೇಳುತ್ತಿರುವಾಗಲೇ ಕೆಂಪು ಬಲ್ಬು ಉರಿಯಿತು. ತುಂಗಮ್ಮ. ಈ ಸಲ ಕೈಯಲ್ಲಿ ಬಟ್ಟಲಿರಲಿಲ್ಲ.

"ಅವರು ಏನಾದ್ರೂ ಹೇಳಿಕಳಿಸಿರಬಹುದು. ನುಡಿಸ್ಬೇಡ ತಾಯಿ. ನಂದು ಇನ್ನೂ ಮುಗಿದಿಲ್ಲ."

ವಾರಿಜಾ ಅವರನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ನೀವೂ ರಾಯರೂ ಇಬ್ಬರೂ ಕೇಳ್ಕೊಳ್ಳಿ" ಎಂದಳು, ಗೋಡೆಯಾಚೆಗೂ ಕೇಳಲೆಂದು ದನಿ ಎತ್ತರಿಸಿ. "ಇದು ಬೀಗ ಅಲ್ಲ, ಗಿಟಾರು. ನನ್ನ ಕೈಗೆ ಇನ್ನೊಂದು ಮಳೆಗಾಲ ಇದೆಯೋ ಇಲ್ವೋ. ಇನ್ನು ಮೇಲೆ ನಾನು ಯಾರು ಹೇಳಿದ್ರು ಅಂತ ನುಡಿಸಲ್ಲ, ಯಾರು ಬೇಡ ಅಂದ್ರು ಅಂತ ನಿಲ್ಸಲ್ಲ. ಯಾರ ಮಾತೂ ಮುಚ್ಚದೇ ಇರೋ ಒಂದು ಆಂಪು ಈ ಊರಲ್ಲಿ ಇದ್ದೇ ಇರುತ್ತೆ."

ಇತ್ತು. ಚಂದ್ರಹಾಸ ಅದನ್ನು ಅಂಗಡಿಯ ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಒತ್ತು ಕೊಟ್ಟು ಇಟ್ಟಿದ್ದ. ಒಂದೇ ವ್ಯಾಟಿನದು. ಒಳಗೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವು, ಮುಂದೆ ಎರಡೇ ಗುಂಡಿ, ಬೆಲ್ಲದಚ್ಚಿನ ಬಣ್ಣದ ಬಟ್ಟೆ ಹೊದ್ದ ಮರದ ಪೆಟ್ಟಿಗೆ. "ಯಾವ ಕಾಲದ್ದೋ ಏನೋ ಅಮ್ಮ, ಯಾರೂ ಕೇಳಲ್ಲ" ಎಂದ ಅವನು ಗಲ್ಲಿಯಲ್ಲಿ. "ಇದರಿಂದ ಯಾರ ಬಾಯೂ ಮುಚ್ಚಲ್ಲ. ಆಮೇಲೆ ನಿಮ್ಮ ಬೀದಿಯೋರು ಬಂದು ನನ್ನ ಬೈಬಾರ್ದು." ವಾರಿಜಾ ಜಾಲರಿಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ನಾನು ಈ ಸಲ ಯಾವ ಸಲಹೆಯನ್ನೂ ಕೊಡಲಿಲ್ಲ.

ವಾಲ್ವು ಕಾಯಲು ಒಂದು ನಿಮಿಷ ಬೇಕಿತ್ತು. ಆಮೇಲೆ ಬಂದ ದನಿ ನಮ್ಮ ನಡುಮನೆಯನ್ನು ತುಂಬಿ ಹೊಸ್ತಿಲಲ್ಲಿ ನಿಂತಿತು. ಬೆಚ್ಚಗಿತ್ತು, ತುದಿಯಲ್ಲಿ ತುಸು ಒರಟು, ನೆಗಡಿ ಬಿಟ್ಟ ಮೇಲಿನ ಗಂಟಲಿನಂತೆ. ವಾರಿಜಾ ಒಂದೇ ಸ್ವರವನ್ನು ಮೀಟಿ, ಅದು ಕರಗುವವರೆಗೂ ಬೆರಳೆತ್ತದೆ ಕಾದು, ಮತ್ತೊಮ್ಮೆ ಮೀಟಿದಳು. ಅವಳ ಮುಖ ನೋಡಿ, ಇದನ್ನು ಚಂದ್ರಹಾಸನ ಅಂಗಡಿಗೆ ಮತ್ತೆ ಹೊತ್ತುಕೊಂಡು ಹೋಗುವ ಕೆಲಸ ನನಗಿಲ್ಲ ಎಂದು ತಿಳಿಯಿತು.

ಆದರೆ ಒಂದು ವ್ಯಾಟೂ ಒಂದು ವ್ಯಾಟೇ. ರೇವಣ್ಣನ ಮನೆಗೆ ಅದು ಮುಟ್ಟಲಿಲ್ಲ, ಎದುರು ಸಾಲಿಗೆ ಮುಟ್ಟಲಿಲ್ಲ. ಅಡುಗೆಮನೆಯ ಕಡೆಯ ಪಕ್ಕದವರಿಗೂ ಗೊತ್ತಾಗಲಿಲ್ಲ. ಒಂದೇ ಗೋಡೆಯ ಭುಜಂಗರಾಯರ ಮನೆಯಲ್ಲಿ ಮಾತ್ರ, ಅವಳು ನುಡಿಸುವಷ್ಟು ಹೊತ್ತು, ದನಿಗಳು ಪೂರ್ತಿ ಬತ್ತದೆ ತೆಳುವಾದವು. ಇಬ್ಬರದೂ. ಕೂಗಿದರೂ ಪಿಸುಮಾತೇ ಆಗುತ್ತಿತ್ತು. ಮಂಚದ ಮೇಲಿನಿಂದ ರಾಯರು ಗದರಿದರೆ ಅದು ಬೇಡಿಕೊಂಡಂತೆ ಕೇಳುತ್ತಿತ್ತು, ತುಂಗಮ್ಮ ಆಪಾದಿಸಿದರೆ ಗುಟ್ಟು ಹೇಳಿದಂತೆ. ಒಬ್ಬರು ಆಡಿದ್ದು ಇನ್ನೊಬ್ಬರಿಗೆ ತಿಳಿಯಬೇಕಾದರೆ ಹತ್ತಿರ ಬರಲೇಬೇಕು. ಕುರ್ಚಿ ಮಂಚಕ್ಕೆ ತಾಗಿತು. ಆಮೇಲೆ ಕುರ್ಚಿಯೂ ದೂರವಾಯಿತೆಂದು ತುಂಗಮ್ಮ ಮಂಚದ ಅಂಚಿಗೇ ಕೂರತೊಡಗಿದರು. ಇಬ್ಬರೂ ವಾರಿಜಾಳ ಮೇಲೆ ಸಿಟ್ಟಾಗಿದ್ದರು, ಒಬ್ಬರ ಕಿವಿಯಲ್ಲಿ ಒಬ್ಬರು ಅವಳನ್ನು ಬೈದುಕೊಳ್ಳುತ್ತಿದ್ದರು. ಆ ಒಂದು ವಿಷಯದಲ್ಲಿ ಅವರಲ್ಲಿ ಮೊದಲ ಬಾರಿಗೆ ಒಮ್ಮತ ಮೂಡಿತ್ತು.

ರಾಯರು ಕೋಲೂರಿ ನಡೆಯುವ ಹೊತ್ತಿಗೆ ಸೆಕೆ ಶುರುವಾಗಿತ್ತು. ಸಂಜೆ ಇಬ್ಬರೂ ಜಗಲಿಯಲ್ಲಿ, ನಮ್ಮ ಕಿಟಕಿಯ ಪಕ್ಕಕ್ಕೇ ಕೂರುತ್ತಿದ್ದರು. ವಾರಿಜಾ ಕೊನೆಗೂ ರೆಕಾರ್ಡ್ ಮಾಡಲು ನಿರ್ಧರಿಸಿದ್ದಳು. ಬಲಗೈಯ ಉಂಗುರದ ಬೆರಳು ಅಷ್ಟರಲ್ಲಿ ಪೂರ್ತಿ ಮಡಚುತ್ತಿರಲಿಲ್ಲ, ಆ ಬೆರಳಿನ ಕೆಲಸವನ್ನು ನಡುಬೆರಳಿಗೆ ಕಲಿಸಿಕೊಂಡಿದ್ದಳು. ಜಾಲರಿಯ ಮುಂದೆ, ಒಂದು ಗೇಣು ದೂರದಲ್ಲಿ ಮೈಕ್ ನಿಲ್ಲಿಸಿ, ಫ್ಯಾನ್ ಆರಿಸಿ, ನನಗೆ ಉಸಿರೂ ಬಿಡಬೇಡಿ ಎಂದು ತಾಕೀತು ಮಾಡಿ ಶುರುಮಾಡಿದಳು. ಫ್ಯಾನಿಲ್ಲದ ಸೆಕೆಗೆ ಕಿಟಕಿ ಮಾತ್ರ ತೆರೆದೇ ಇತ್ತು. ಆ ಮಟ್ಟನ್ನು ಮೊದಲಿಂದ ಕೊನೆಯವರೆಗೆ ನಾನು ಕೇಳಿದೆ. ಮೆಲ್ಲಗೆ ನಡೆಯುವ, ಅಲ್ಲಲ್ಲಿ ನಿಂತು ಹಿಂತಿರುಗಿ ನೋಡುವ ಮಟ್ಟು. ನಡುನಡುವೆ ದೀರ್ಘವಾದ ಮೌನಗಳಿದ್ದವು. ಯಾರೋ ಸೀರೆ ಬದಲಾಯಿಸಿ ಬರುವುದನ್ನು ಕಾಯುತ್ತ ಕಟ್ಟಿದ್ದಲ್ಲವೇ.

ಒಂದೂ ತಪ್ಪಿರಲಿಲ್ಲ. ಅವಳು ಬೆವರೊರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡು ಕೇಳಲು ಕೂತಳು. ಅರ್ಧಕ್ಕೆ ಬರುತ್ತಲೇ ಹುಬ್ಬು ಗಂಟಾಯಿತು. ಒಂದು ಕಿವಿಯದನ್ನು ಬಿಚ್ಚಿ ನನ್ನ ಕಿವಿಗೆ ಒತ್ತಿದಳು.

ಗಿಟಾರಿನ ಒಂದು ಸಾಲು ಮುಗಿದು ಮೌನ ಬರುವಲ್ಲಿ, ಬಹಳ ಹತ್ತಿರದಿಂದೆಂಬಂತೆ, ಈಗ ರೂಢಿಯೇ ಆಗಿಬಿಟ್ಟಿದ್ದ ತುಂಗಮ್ಮನ ಪಿಸುದನಿ ಇತ್ತು: "...ನಿಮಗೆ ಹೇಳಿರಲಿಲ್ಲ. ಮದುವೆಯಾದ ಎರಡನೇ ವರ್ಷ, ನೀವು ಕೋರ್ಟಿಗೆ ಹೋಗಿದ್ರಿ. ಒಂದು ಸೀರೆ ಗಂಟು ಕಟ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಮತ್ತೆ ಬರಬಾರ್ದು ಅಂತಲೇ ಹೋದೆ." ಗಿಟಾರು ಮತ್ತೆ ಬಂದು ಹೋಯಿತು. "ಟಿಕೆಟ್ ಕೂಡ ತಗೊಂಡಿದ್ದೆ. ಬಸ್ಸು ಹೊರಟಿತ್ತು. ಕಿಟಕಿ ಪಕ್ಕದ ಸೀಟು."

ಗಿಟಾರಿನ ಇನ್ನೊಂದು ಸಾಲು ದಾಟಿತು. ಆಮೇಲೆ, ಒಬ್ಬ ಸಾಕ್ಷಿಗೂ ಉತ್ತರ ಮುಗಿಸಲು ಬಿಡದಿದ್ದ ಭುಜಂಗರಾಯರು ಕೇಳಿದರು: "ಆಮೇಲೆ?"

"ಆಮೇಲೆ ಏನಾಯ್ತು ಅಂದ್ರೆ..." ಎಂದರು ತುಂಗಮ್ಮ. ಅಲ್ಲಿಗೆ ಸರಿಯಾಗಿ ಮಟ್ಟಿನ ಕೊನೆಯ ಭಾಗ ಶುರುವಾಯಿತು, ವಾರಿಜಾ ಅಷ್ಟು ದಿನ ನಡುಬೆರಳಿಗೆ ಕಲಿಸಿದ ಆ ಕಷ್ಟದ ಭಾಗ. ಸ್ವರಗಳು ಒಂದರ ಮೇಲೊಂದು ಏರಿ, ತುಂಬಿ, ನಿಧಾನವಾಗಿ ಇಳಿದವು. ಅವುಗಳ ಕೆಳಗೆ ಏನೋ ಹೇಳುತ್ತಿದ್ದುದು ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಗಿಟಾರು ನಿಂತಾಗ ಮಾತೂ ಮುಗಿದಿತ್ತು. ಇಬ್ಬರಲ್ಲಿ ಒಬ್ಬರು ಮೂಗೊರೆಸಿಕೊಂಡ ಸದ್ದು ಮಾತ್ರ ಉಳಿದಿತ್ತು.

ವಾರಿಜಾ ಹಿಂದಕ್ಕೆ ಹಾಕಿ ಮತ್ತೆ ಕೇಳಿದಳು. ಇನ್ನೊಮ್ಮೆ ಕೇಳಿದಳು. ಕಣ್ಣು ಬಿಗಿಯಾಗಿ ಮುಚ್ಚಿ, ಹೆಡ್‌ಫೋನನ್ನು ಎರಡೂ ಕೈಗಳಿಂದ ಕಿವಿಗೊತ್ತಿಕೊಂಡು, ತನ್ನ ಜೀವಮಾನದ ಅತ್ಯುತ್ತಮ ವಾದನದ ಅಡಿಯಲ್ಲಿ ಆ ಪಿಸುಮಾತನ್ನು ಹುಡುಕಿದಳು.

"ಛೇ!" ಎಂದಳು ಕೊನೆಗೆ. "ಹಾಳು ಗಿಟಾರು, ಒಂದು ಮಾತೂ ಕೇಳಿಸೋದಿಲ್ಲವಲ್ರೀ!"